ಬಿಚ್ಚಿದಾಗ ಕಾಣುವ ಲ್ಯಾಪ್‌ಟಾಪ್

ಶಿವಮೊಗ್ಗದಲ್ಲಿ ನಾನು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟು 14 ವರ್ಷವಾಯಿತು. ಅದಕ್ಕೂ ಮುಂಚೆ ಮೂರು ವರ್ಷ ಬೆಂಗಳೂರಿನ ಎಸ್.ಪಿ. ರೋಡಿನ ಮಹಡಿ ಅಂಗಡಿಯೊಂದರಲ್ಲಿ ಕೂತು ಕೆಲಸ ಕಲಿತವನು. ನನ್ನ ಟೇಬಲ್ಲಿಗೆ ಬರುವ ದೊಡ್ಡ ಮಿಷನ್‌ಗಳು ಹೆಚ್ಚಾಗಿ ಎರಡು ಕಡೆಯಿಂದ ಬರುತ್ತವೆ. ಒಂದು, ಮದುವೆ ವಿಡಿಯೊ ಮತ್ತು ಆಲ್ಬಮ್ ಮಾಡುವವರಿಂದ. ಇನ್ನೊಂದು, ಹಾಸ್ಟೆಲ್ಲಿನಲ್ಲಿದ್ದು ಇಂಜಿನಿಯರಿಂಗ್ ಓದುವ ಹುಡುಗರಿಂದ. ಈಗೀಗ ಈ ಇಬ್ಬರೂ ಒಬ್ಬನೇ ಆಗಿರುತ್ತಾನೆ: ಹಗಲು ರೀಲ್ಸ್ ಎಡಿಟ್ ಮಾಡಿ ನಾಲ್ಕು ಕಾಸು ನೋಡುತ್ತಾನೆ, ರಾತ್ರಿ ಅದೇ ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುತ್ತಾನೆ.

ಅವರು ಸುರಿಯುವ ದುಡ್ಡು ಸಣ್ಣದಲ್ಲ. ಒಂದು ಲಕ್ಷ, ಒಂದೂವರೆ ಲಕ್ಷ. ಅಮ್ಮನ ಬಳೆ ಅಡವಿಟ್ಟು ತಂದದ್ದನ್ನು ಕಂಡಿದ್ದೇನೆ, ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಕೊಡಿಸಿದ್ದನ್ನೂ ಕಂಡಿದ್ದೇನೆ. ಅಂಥದ್ದು ಎರಡೇ ವರ್ಷಕ್ಕೆ ಕೈಕೊಟ್ಟು ನನ್ನ ಮುಂದೆ ಬಂದು ಕೂತಾಗ ನಿಜಕ್ಕೂ ಸಂಕಟವಾಗುತ್ತದೆ. ಮಾರುವವನು ಡಬ್ಬಿಯಿಂದ ತೆಗೆದ ದಿನದ ಲ್ಯಾಪ್‌ಟಾಪ್ ನೋಡುತ್ತಾನೆ. ನಾನು ನೋಡುವುದು ಮೂರನೇ ವರ್ಷದ್ದನ್ನು, ಅದೂ ಹೊಟ್ಟೆ ಬಿಚ್ಚಿ. ಅಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಸ್ಟಿಕ್ಕರ್ ಓದಿ ಸುಮ್ಮನಾಗಬೇಡಿ, ವಾಟ್ ಕೇಳಿ

"ಅಣ್ಣಾ, 4070 ಕಾರ್ಡ್ ಇದೆ" ಎಂದು ಹುಡುಗರು ಖುಷಿಯಿಂದ ಹೇಳಿದ ಕೂಡಲೇ ನಾನು ಕೇಳುವುದು "ಎಷ್ಟು ವಾಟ್‌ನದ್ದು?" ಎಂದು. ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅದು ಅವರ ತಪ್ಪಲ್ಲ, ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅದನ್ನು ಬರೆದಿರುವುದಿಲ್ಲ. ಎನ್ವಿಡಿಯಾದ ಆರ್‌ಟಿಎಕ್ಸ್ 4060 ಮತ್ತು 4070 ಲ್ಯಾಪ್‌ಟಾಪ್ ಚಿಪ್‌ಗಳನ್ನು ತಯಾರಕರು 35ರಿಂದ 115 ವಾಟ್‌ವರೆಗೆ ತಮಗೆ ಬೇಕಾದಲ್ಲಿ ಕಟ್ಟಬಹುದು. ತೆಳ್ಳಗಿನ ಮೈಯಲ್ಲಿ ಶಾಖ ಹೊರಹೋಗಲು ಜಾಗ ಸಾಲದು, ಹಾಗಾಗಿ ಕಡಿಮೆ ವಾಟ್‌ಗೆ ಕಟ್ಟಿರುತ್ತಾರೆ. ದಪ್ಪ ಮೈಯಲ್ಲಿ ಅದೇ ಚಿಪ್ಪಿಗೆ ಪೂರ್ತಿ ಕರೆಂಟು ಸಿಗುತ್ತದೆ. ಹೊರಗೆ ಸ್ಟಿಕ್ಕರ್ ಮಾತ್ರ ಒಂದೇ.

ಒಂದೇ ರೂಮಿನ ಇಬ್ಬರು ಹುಡುಗರು ಒಮ್ಮೆ ತಮ್ಮ ಲ್ಯಾಪ್‌ಟಾಪ್‌ಗಳನ್ನು ಹೊತ್ತುಕೊಂಡು ಬಂದರು. ಒಬ್ಬನದು ತೆಳ್ಳಗಿನ 4070, ಇನ್ನೊಬ್ಬನದು ಮೂವತ್ತು ಸಾವಿರ ಕಡಿಮೆ ಬೆಲೆಯ ದಪ್ಪನೆಯ 4060. ಸೈಬರ್‌ಪಂಕ್ 2077 ಹಾಕಿದರೆ ಕಡಿಮೆ ಬೆಲೆಯದೇ ಸಲೀಸಾಗಿ ಓಡುತ್ತಿತ್ತು. ತನ್ನದರಲ್ಲಿ ಏನೋ ಕೆಟ್ಟಿದೆ ಎಂದು ಮೊದಲನೆಯವನ ದೂರು. ನೋಡಿದೆ, ಏನೂ ಕೆಟ್ಟಿರಲಿಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಶನ್ ತೆಗೆದು ತೋರಿಸಿದೆ: ಒಂದಕ್ಕೆ ಗರಿಷ್ಠ 60 ವಾಟ್, ಇನ್ನೊಂದಕ್ಕೆ 115. ಆ ಹುಡುಗನ ಮುಖ ನೋಡಲಾಗಲಿಲ್ಲ. ಅಂಗಡಿಯಲ್ಲಿ ಡೆಮೊ ಮಿಷನ್ ಇದ್ದರೆ ನೀವೂ ಇದೇ ಪುಟ ತೆಗೆದು ನೋಡಿ. ಅರ್ಧ ನಿಮಿಷದ ಕೆಲಸ.

ಇನ್ನೊಂದು ಮಾತು. ಡೆಸ್ಕ್‌ಟಾಪಿನ ಕಾರ್ಡ್ ಬಗ್ಗೆ ಕೇಳಿದ್ದನ್ನು ಲ್ಯಾಪ್‌ಟಾಪಿಗೆ ಅನ್ವಯಿಸಬೇಡಿ. ಡೆಸ್ಕ್‌ಟಾಪ್ 4070ರಲ್ಲಿ 12 ಜಿಬಿ ಮೆಮೊರಿ ಇದೆ, ಲ್ಯಾಪ್‌ಟಾಪ್ 4070ರಲ್ಲಿ 8 ಜಿಬಿ. ಡೆಸ್ಕ್‌ಟಾಪ್ 4090ರಲ್ಲಿ ಅದು 24 ಜಿಬಿ, ಲ್ಯಾಪ್‌ಟಾಪಿನದರಲ್ಲಿ 16. 5070 ಬಂದಮೇಲೂ ಲ್ಯಾಪ್‌ಟಾಪಿನದು 8 ಜಿಬಿಯಲ್ಲೇ ನಿಂತಿದೆ, 12 ಬೇಕೆಂದರೆ 5070 ಟಿಐಗೆ ಹೋಗಬೇಕು. ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯ ಕಟ್ಟುವವರಿಗೆ, 4ಕೆ ಗ್ರೇಡಿಂಗ್ ಮಾಡುವವರಿಗೆ ಈ ನಾಲ್ಕು ಜಿಬಿ ದೊಡ್ಡ ವ್ಯತ್ಯಾಸ.

2. ಮೊದಲ ಐದು ನಿಮಿಷ ನಂಬಬೇಡಿ

ಇದೊಂದನ್ನು ಎಲ್ಲರಿಗೂ ಕೂರಿಸಿಕೊಂಡು ಹೇಳುತ್ತೇನೆ. ತಣ್ಣಗಿರುವ ಯಾವ ಲ್ಯಾಪ್‌ಟಾಪಾದರೂ ಆನ್ ಮಾಡಿದ ಹೊಸದರಲ್ಲಿ ಕುದುರೆಯ ಹಾಗೆ ಓಡುತ್ತದೆ. ಯೂಟ್ಯೂಬಿನಲ್ಲಿ ತೋರಿಸುವ ಅಂಕಿಗಳಲ್ಲಿ ಬಹುಪಾಲು ಆ ಹೊತ್ತಿನವು. ನಿಮ್ಮ ಕೆಲಸ ಐದು ನಿಮಿಷದ್ದಲ್ಲ. ಒಂದು ಮದುವೆ ಫಿಲ್ಮ್ ರೆಂಡರ್ ಆಗಲು ಎರಡು ಗಂಟೆ ಹಿಡಿಯಬಹುದು, ಗೇಮಿಗೆ ಕೂತವನು ಮೂರು ಗಂಟೆ ಏಳುವುದಿಲ್ಲ. ಇಂಟೆಲ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಮುಟ್ಟಿದರೆ ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ. ಅದು ಚಿಪ್ ಸುಡದಿರಲಿ ಎಂದು ಮಾಡಿದ ವ್ಯವಸ್ಥೆ. ಹಾಗಾಗಿ ಅರ್ಧ ಗಂಟೆಯಾದ ಮೇಲೆ ಯಾವ ವೇಗದಲ್ಲಿ ನಿಲ್ಲುತ್ತದೆಯೋ ಅದೇ ಆ ಲ್ಯಾಪ್‌ಟಾಪಿನ ನಿಜವಾದ ಶಕ್ತಿ. ಸಿನೆಬೆಂಚ್ ಒಂದು ಸುತ್ತು ಹಾಕಿ ಬಂದ ಅಂಕಿ ಬಿಡಿ, ಸತತ ಅರ್ಧ ಗಂಟೆ ಓಡಿಸಿದ ವಿಮರ್ಶೆ ಹುಡುಕಿ ಓದಿ. ಎರಡು ಅಂಕಿಗಳ ನಡುವೆ ಬಹಳ ಅಂತರ ಇದ್ದರೆ ಅದರ ಕೂಲಿಂಗ್ ಸಾಲದು ಎಂದು ಅರ್ಥ.

ಭದ್ರಾವತಿಯ ಒಬ್ಬ ಎಡಿಟರ್ ತನ್ನ ಲ್ಯಾಪ್‌ಟಾಪ್ ತಂದಿದ್ದ. ಕೊಂಡು ಎರಡು ವರ್ಷ. ಒಂದು ಗಂಟೆಯ ರೆಂಡರ್ ಈಗ ಎರಡೂವರೆ ಗಂಟೆ ಹಿಡಿಯುತ್ತಿದೆ, ವಿಂಡೋಸ್ ಮೂರು ಸಲ ಹೊಸದಾಗಿ ಹಾಕಿಸಿದರೂ ಆಗಲಿಲ್ಲ ಎಂದ. ತಳದ ಹನ್ನೊಂದು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಫ್ಯಾನಿನ ಎಲೆಗಳ ಮೇಲೆ ತೆಳ್ಳಗೆ ಧೂಳು, ಅಷ್ಟೇ. ಅವನಿಗೆ ಸಮಾಧಾನವಾಯಿತು. ಆದರೆ ಫ್ಯಾನನ್ನೇ ಎತ್ತಿದಾಗ ಅದರ ಬಾಯಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಒಂದು ಪಟ್ಟಿ ಸಿಕ್ಕಿತು. ಚಿಮ್ಮಟದಲ್ಲಿ ಹಿಡಿದು ಎಳೆದರೆ ಮುರಿಯದೆ ಇಡಿಯಾಗಿ ಬಂತು, ಕಂಬಳಿಯ ತುಂಡಿನ ಹಾಗೆ. ಬೂದು ಬಣ್ಣ, ಬೆರಳಿನ ಉದ್ದ. ಹಾಸಿಗೆಯ ಹತ್ತಿ, ತಲೆಗೂದಲು, ಊದುಬತ್ತಿಯ ಹೊಗೆಯ ಜಿಗುಟು ಎಲ್ಲ ಸೇರಿ ಎರಡು ವರ್ಷದಲ್ಲಿ ನೆಯ್ದ ಕಂಬಳಿ. ಫ್ಯಾನ್ ತಿರುಗುತ್ತಿತ್ತು, ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಆಚೆ ಹೋಗುತ್ತಿರಲಿಲ್ಲ. ಅದನ್ನು ತೆಗೆದು, ಚಿಪ್ಪಿನ ಶಾಖ ಸಾಗಿಸಲು ಹಚ್ಚಿರುವ ಪೇಸ್ಟ್ ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದು ಹಾಕಿದೆ. ಸಂಜೆ ಫೋನ್ ಬಂತು, ರೆಂಡರ್ ಮತ್ತೆ ಒಂದು ಗಂಟೆ ಐದು ನಿಮಿಷಕ್ಕೆ ಇಳಿದಿದೆ ಎಂದು.

ಆದ್ದರಿಂದ ಕೊಳ್ಳುವಾಗ ಲ್ಯಾಪ್‌ಟಾಪನ್ನು ಮಗುಚಿ ಹಾಕಿ ನೋಡಿ. ತಳದಲ್ಲಿ ಗಾಳಿಯ ಕಿಂಡಿ ಅಗಲವಾಗಿದೆಯೇ? ರಬ್ಬರ್ ಕಾಲುಗಳು ಮೈಯನ್ನು ಸಾಕಷ್ಟು ಎತ್ತಿ ಹಿಡಿಯುತ್ತವೆಯೇ? ಸ್ಕ್ರೂಗಳು ಸಾಧಾರಣ ಪ್ಲಸ್ ಸ್ಕ್ರೂಗಳೇ, ಬಿಚ್ಚಿದರೆ ಫ್ಯಾನ್ ಕೈಗೆ ಸಿಗುತ್ತದೆಯೇ? ಕೆಲವು ಮಾದರಿಗಳಲ್ಲಿ ಮದರ್‌ಬೋರ್ಡನ್ನೇ ಈಚೆ ತೆಗೆಯದೆ ಫ್ಯಾನ್ ಮುಟ್ಟಲಾಗುವುದಿಲ್ಲ. ಅಂಥದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಳ್ಳಾರಿ ಕಡೆಯ ಕೆಂಧೂಳಿಗಂತೂ ಅದು ಒಂದು ಬೇಸಿಗೆ ತಾಳುವುದು ಕಷ್ಟ.

ಪೇಸ್ಟ್ ಬಗ್ಗೆ ಒಂದು ಎಚ್ಚರಿಕೆ. ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ಕೆಲವದರಲ್ಲಿ ಮಾಮೂಲಿ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಇರುತ್ತದೆ. ಶಾಖ ಸಾಗಿಸುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಅದರಲ್ಲಿರುವುದು ಗ್ಯಾಲಿಯಂ, ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಕರೆಂಟನ್ನೂ ಹರಿಸುತ್ತದೆ. ಒಂದು ಹನಿ ಬೋರ್ಡಿನ ಮೇಲೆ ಜಾರಿದರೆ ಮುಗಿಯಿತು. ಅಂಥದ್ದಿದ್ದರೆ, ಅದರಲ್ಲಿ ಕೈ ಪಳಗಿದವರ ಹತ್ತಿರ ಮಾತ್ರ ಬಿಚ್ಚಿಸಿ.

3. ಹಿಂಜ್ ಮುರಿದರೆ ಉಳಿದದ್ದೆಲ್ಲ ಗಟ್ಟಿಯಿದ್ದೂ ವ್ಯರ್ಥ

ನನ್ನ ಟೇಬಲ್ಲಿನ ಮೇಲೆ ಒಂದು ಚಿಕ್ಕ ಡಬ್ಬಿ ಇದೆ. ಅದರ ತುಂಬ ಮೆಣಸಿನಕಾಳಿನಷ್ಟು ದೊಡ್ಡ ಹಿತ್ತಾಳೆ ನಟ್ಟುಗಳು. ಎಲ್ಲವೂ ಮುರಿದ ಹಿಂಜ್‌ಗಳಿಂದ ಉದುರಿದವು. ಪರದೆ ಹಿಡಿಯುವ ಹಿಂಜ್ ಉಕ್ಕಿನದು, ಅದಕ್ಕೇನೂ ಆಗುವುದಿಲ್ಲ. ಅದರ ಸ್ಕ್ರೂ ಕೂರುವ ನಟ್ಟನ್ನು ಪ್ಲಾಸ್ಟಿಕ್ಕಿನೊಳಗೆ ಕಾಯಿಸಿ ಕೂರಿಸಿರುತ್ತಾರೆ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದಾಗ ಬೀಳುವ ಭಾರವೆಲ್ಲ ಆ ಪ್ಲಾಸ್ಟಿಕ್ಕಿನ ಮೇಲೆ. ಒಂದು ದಿನ "ಟಕ್" ಎನ್ನುತ್ತದೆ. ಆಮೇಲೂ ತೆರೆಯುತ್ತಾ ಹೋದರೆ ಮೂಲೆ ಬಾಯಿಬಿಟ್ಟು ಡಿಸ್‌ಪ್ಲೇ ಕೇಬಲ್ಲನ್ನೂ ಎಳೆದು ಹರಿಯುತ್ತದೆ.

ಅಂಗಡಿಯಲ್ಲಿ ಹೀಗೆ ನೋಡಿ: ಪರದೆಯನ್ನು ಒಂದೇ ಮೂಲೆಯಲ್ಲಿ ಹಿಡಿದು ನಿಧಾನ ಎತ್ತಿ. ಎದುರು ಮೂಲೆ ಜೊತೆಗೇ ಏಳಬೇಕು, ತಿರುಚಿಕೊಳ್ಳಬಾರದು. ಹಿಂಜ್ ಇರುವ ಕಡೆ ಕೆಳಮೈಯನ್ನು ಹೆಬ್ಬೆರಳಿನಿಂದ ಒತ್ತಿ, ಬಳುಕಬಾರದು. ಲೋಹದ ಮೈ ಇದ್ದರೆ ಒಳ್ಳೆಯದು, ಆದರೆ ಮುಚ್ಚಳ ಮಾತ್ರ ಲೋಹ, ಒಳಗಿನದೆಲ್ಲ ಪ್ಲಾಸ್ಟಿಕ್ ಇರುವುದೂ ಉಂಟು. ಕೇಳಿ ತಿಳಿದುಕೊಳ್ಳಿ.

"ಮಿಲಿಟರಿ ಗ್ರೇಡ್" ಎಂಬ ಮಾತಿಗೆ ಮನಸೋಲುವವರು ಬಹಳ. ಮಿಲ್-ಎಸ್‌ಟಿಡಿ-810ಎಚ್ ಅಮೆರಿಕದ ರಕ್ಷಣಾ ಇಲಾಖೆ 2019ರಲ್ಲಿ ಪರಿಷ್ಕರಿಸಿದ ಪರೀಕ್ಷಾ ವಿಧಾನಗಳ ಸಂಗ್ರಹ. ಅದರಲ್ಲಿ ಬಿಸಿ, ಚಳಿ, ಧೂಳು, ಅದುರು, ಬೀಳು ಎಂದು ಎರಡು ಡಜನ್‌ಗೂ ಹೆಚ್ಚು ಬಗೆ ಇವೆ. ಯಾವ ಪರೀಕ್ಷೆ ಮಾಡಿಸಬೇಕು ಎಂದು ಆರಿಸುವವರು ತಯಾರಕರೇ. ಯಾವ್ಯಾವುದು ಮಾಡಿಸಿದ್ದಾರೆ ಎಂದು ಬರೆದಿದ್ದರೆ ಅದಕ್ಕೆ ಬೆಲೆ ಕೊಡಿ. ಬರೀ ಮುದ್ರೆಯಿದ್ದರೆ ಮತ್ತೆ ಹೆಬ್ಬೆರಳಿನಿಂದ ಒತ್ತಿ ನೋಡಿ.

4. ಬಣ್ಣ ತಪ್ಪಿದರೆ ಕೆಲಸವೇ ತಪ್ಪಿತು

ಆಲ್ಬಮ್ ಡಿಸೈನ್ ಮಾಡುವ ಹುಡುಗಿಯೊಬ್ಬಳು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡಿದ್ದಳು. ವೇಗಕ್ಕೆ ಕೊರತೆಯಿರಲಿಲ್ಲ. ರಿಸೆಪ್ಷನ್ ಫೋಟೊಗಳಲ್ಲಿ ಮದುಮಗಳ ರಾಣಿ ಬಣ್ಣದ ಸೀರೆ ಪರದೆಯಲ್ಲಿ ಮಂಕಾಗಿ ಕಂಡಿತು. ಬಣ್ಣ ಏರಿಸಿದಳು. ಇನ್ನೂ ಮಂಕು, ಇನ್ನಷ್ಟು ಏರಿಸಿದಳು. ಲ್ಯಾಬಿನಿಂದ ಪ್ರಿಂಟ್ ಬಂದಾಗ ಸೀರೆ ಕಣ್ಣಿಗೆ ಹೊಡೆಯುತ್ತಿತ್ತು, ಮದುಮಗಳ ಮುಖ ಜ್ವರ ಬಂದವರ ಹಾಗೆ ಕೆಂಪಾಗಿತ್ತು. 40 ಹಾಳೆಯ ಕರಿಜ್ಮಾ ಆಲ್ಬಮ್ ಮತ್ತೆ ಮಾಡಿಸಿಕೊಡಬೇಕಾಯಿತು. ಆ ತಿಂಗಳ ದುಡಿಮೆ ಅದಕ್ಕೇ ಹೋಯಿತು.

ಅವಳ ಪರದೆ 45 ಶೇಕಡಾ ಎನ್‌ಟಿಎಸ್‌ಸಿಯದು. ಅಂದರೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗ ಮಾತ್ರ ಅದು ತೋರಿಸಬಲ್ಲದು. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ 144 ಹರ್ಟ್ಸ್ ಎಂದು ದೊಡ್ಡದಾಗಿ ಬರೆದು ಇಂಥ ಪ್ಯಾನೆಲ್ ಹಾಕಿರುತ್ತಾರೆ. ಬರೀ ಗೇಮ್ ಆಡುವವನಿಗೆ ನಡೆಯುತ್ತದೆ. ಬಣ್ಣದ ಕೆಲಸ ಮಾಡುವವರು ಎಸ್‌ಆರ್‌ಜಿಬಿ 100 ಶೇಕಡಾ ಇದೆ ಎಂದು ಬರೆದದ್ದನ್ನು ಕಣ್ಣಾರೆ ನೋಡಿಯೇ ಕೊಳ್ಳಬೇಕು. 72 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೂ ಹೆಚ್ಚುಕಡಿಮೆ ಅದೇ. ಸಿನಿಮಾ ಗ್ರೇಡಿಂಗ್‌ಗಾದರೆ ಡಿಸಿಐ-ಪಿ3 ಕೇಳಿ. ಓಲೆಡ್ ಪರದೆ ನೋಡಲು ಸೊಗಸು, ಆದರೆ ದಿನವಿಡೀ ಎಡಿಟಿಂಗ್ ಸಾಫ್ಟ್‌ವೇರಿನ ಅದೇ ಪಟ್ಟಿ ಅದೇ ಜಾಗದಲ್ಲಿ ನಿಂತರೆ ವರ್ಷಗಳಲ್ಲಿ ಅಚ್ಚು ಉಳಿಯುವ ಸಂಭವ ಇದೆ. ಹಾಗಾಗಿ ಎಡಿಟರ್‌ಗಳಿಗೆ ನಾನು ಒಳ್ಳೆಯ ಐಪಿಎಸ್ ಪರದೆಯನ್ನೇ ಹೇಳುತ್ತೇನೆ.

ಈಗ ಆಕೆ ಅದೇ ಲ್ಯಾಪ್‌ಟಾಪಿಗೆ ಹೊರಗಿನ ಒಂದು ಮಾನಿಟರ್ ಹಾಕಿಕೊಂಡಿದ್ದಾಳೆ. ಕ್ಯಾಲಿಬ್ರೇಟರ್ ಒಂದನ್ನು ಊರಿನ ನಾಲ್ವರು ಫೋಟೊಗ್ರಾಫರ್‌ಗಳು ಸೇರಿ ಕೊಂಡು ಸರದಿಯಲ್ಲಿ ಬಳಸುತ್ತಾರೆ. ಎಲ್ಲ ಊರಿನವರೂ ಹೀಗೆ ಮಾಡಬಹುದು.

5. ಯಾವ ಕ್ಯಾಮೆರಾ ಎಂದು ಮೊದಲು ಹೇಳಿ

ವಿಡಿಯೊದವರು ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ತಮ್ಮ ಕ್ಯಾಮೆರಾದ ಫೈಲ್ ಬಗ್ಗೆ ಮಾತಾಡುವುದಿಲ್ಲ. ಸೋನಿ ಎ7 ಮಾರ್ಕ್ 3 ಒಳಗೆ ರೆಕಾರ್ಡ್ ಮಾಡುವುದು 8 ಬಿಟ್. ಮಾರ್ಕ್ 4ಕ್ಕೆ ಬಂದರೆ 10 ಬಿಟ್ 4:2:2 ಸಿಗುತ್ತದೆ, ಎಲ್ಲರೂ ಅದನ್ನೇ ಹಾಕಿಕೊಳ್ಳುತ್ತಾರೆ. ಎಚ್.265ನ ಆ ಫೈಲನ್ನು ಬಿಚ್ಚುವ ಯಂತ್ರಾಂಶ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ 11ನೇ ತಲೆಮಾರಿನಿಂದ ಇದೆ. ಎನ್ವಿಡಿಯಾ ಅದನ್ನು ಕೊಟ್ಟಿದ್ದು 2025ರ 50 ಸರಣಿಯಲ್ಲಿ. ಹಾಗಾಗಿ ರೈಜನ್ ಪ್ರೊಸೆಸರ್ ಮತ್ತು 40 ಸರಣಿಯ ಕಾರ್ಡ್ ಇರುವ ಲ್ಯಾಪ್‌ಟಾಪ್ ಗೇಮಿನಲ್ಲಿ ಎಷ್ಟೇ ಚುರುಕಾಗಿದ್ದರೂ ಈ ಫೈಲ್ ಟೈಮ್‌ಲೈನಿಗೆ ಬಿದ್ದಾಗ ತಡವರಿಸುತ್ತದೆ. ಲಕ್ಷ ಕೊಟ್ಟವರು ಮೋಸ ಹೋದೆವು ಎಂದುಕೊಳ್ಳುತ್ತಾರೆ. ಪ್ರಾಕ್ಸಿ, ಅಂದರೆ ಫೈಲಿನ ಹಗುರ ನಕಲು, ಮಾಡಿಕೊಂಡರೆ ಕೆಲಸ ಸಾಗುತ್ತದೆ, ಪ್ರತಿ ಮದುವೆಗೂ ಅದಕ್ಕೆ ಒಂದು ರಾತ್ರಿ ಹೋಗುತ್ತದೆ.

ಒಂದು ಪೆನ್‌ಡ್ರೈವಿನಲ್ಲಿ ನಿಮ್ಮದೇ ಕ್ಯಾಮೆರಾದ ಎರಡು ಕ್ಲಿಪ್ ಹಾಕಿಕೊಂಡು ಅಂಗಡಿಗೆ ಹೋಗಿ. ಯಾವ ವಿಮರ್ಶೆಯೂ ಅದಕ್ಕಿಂತ ಚೆನ್ನಾಗಿ ಹೇಳಲಾರದು.

6. ಒಳಗೆ ಜಾಗ ಇರಲಿ

ರ‍್ಯಾಮ್ ಬೋರ್ಡಿಗೇ ಬೆಸೆದಿದ್ದರೆ ಕೊಂಡ ದಿನ ಎಷ್ಟಿತ್ತೋ ಕೊನೆತನಕ ಅಷ್ಟೇ. ಎರಡು ಸ್ಲಾಟ್ ಇರುವುದನ್ನು ತೆಗೆದುಕೊಂಡರೆ ಇವತ್ತು 16 ಜಿಬಿಯಲ್ಲಿ ಶುರು ಮಾಡಿ, ದುಡ್ಡಾದಾಗ 32ಕ್ಕೆ ಹೋಗಬಹುದು. 16ನ್ನು ಒಂದೇ ಸ್ಟಿಕ್ಕಿನಲ್ಲಿ ಕೊಟ್ಟಿದ್ದರೆ ಇನ್ನೊಂದನ್ನು ಆದಷ್ಟು ಬೇಗ ಹಾಕಿಸಿ, ಜೋಡಿಯಾಗಿದ್ದಾಗಲೇ ಪೂರ್ತಿ ವೇಗ. ಎಸ್‌ಎಸ್‌ಡಿಗೂ ಎರಡು ಸ್ಲಾಟ್ ಇರಲಿ. ಎರಡು ಕ್ಯಾಮೆರಾದ ಒಂದು ಮದುವೆ 400 ಜಿಬಿ ದಾಟುವುದು ನನ್ನ ಗಿರಾಕಿಗಳಲ್ಲಿ ಮಾಮೂಲಿ, 512 ಜಿಬಿ ಯಾವುದಕ್ಕೂ ಸಾಲದು. ದಿನವೂ ಇಷ್ಟು ತುಂಬಿ ಅಳಿಸುವವರು ಕ್ಯೂಎಲ್‌ಸಿ ಬಿಟ್ಟು ಟಿಎಲ್‌ಸಿ ಡ್ರೈವ್ ಕೇಳಿ. ಒಂದು ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವಿಗೆ ಸಾಮಾನ್ಯವಾಗಿ 600 ಟಿಬಿ ಬರೆಯುವವರೆಗೆ ಕಂಪನಿ ಭರವಸೆ ಕೊಡುತ್ತದೆ.

7. ಕರೆಂಟಿನ ಬಗ್ಗೆ, ಮಲೆನಾಡಿನವನಾಗಿ

ಏಪ್ರಿಲ್, ಮೇ ತಿಂಗಳ ಮೊದಲ ಗುಡುಗು ಕೇಳಿದ ಮರುದಿನ ನನ್ನ ಅಂಗಡಿಯಲ್ಲಿ ಸಾಲು. ಸುಟ್ಟ ಚಾರ್ಜರ್, ಸತ್ತ ಲ್ಯಾನ್ ಪೋರ್ಟ್, ಕೆಲವು ಸಲ ಇಡೀ ಬೋರ್ಡ್. ಮೋಡ ಕಟ್ಟಿದರೆ ಚಾರ್ಜರ್ ಕೀಳಿ, ಲ್ಯಾನ್ ವೈರ್ ಕೂಡ ಕೀಳಿ. ಸ್ವಿಚ್ ಆರಿಸಿದರೆ ಸಾಲದು.

ಲೋಹದ ಮೈ ಮುಟ್ಟಿದರೆ ಜುಂ ಎನ್ನುತ್ತದೆ ಎಂದು ಅನೇಕರು ಲ್ಯಾಪ್‌ಟಾಪ್ ತರುತ್ತಾರೆ. ಬಹುತೇಕ ಸಲ ಕೆಟ್ಟಿರುವುದು ಮನೆಯ ಅರ್ಥಿಂಗ್, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಜಂಕ್ಷನ್ ಬಾಕ್ಸಿಗೆ ಸಿಕ್ಕಿಸಿರುತ್ತಾರೆ. ಛತ್ರದಲ್ಲಿ ಕೂತು ಅವತ್ತೇ ಎಡಿಟ್ ಮಾಡಿ ಸಂಜೆಯ ರಿಸೆಪ್ಷನ್‌ಗೆ ಹಾಕುವವರು ಜನರೇಟರ್ ಲೈನಿಗೆ ನೇರ ಸಿಕ್ಕಿಸಬೇಡಿ, ನಡುವೆ ಒಂದು ಯುಪಿಎಸ್ ಇರಲಿ.

ದೊಡ್ಡ ಗೇಮಿಂಗ್ ಲ್ಯಾಪ್‌ಟಾಪಿನ ಚಾರ್ಜರ್ 230, 280, 330 ವಾಟ್ ಇರುತ್ತದೆ. ಭಾರ ಎಂದು ಅದನ್ನು ಬಿಟ್ಟು 100 ವಾಟ್‌ನ ಟೈಪ್-ಸಿ ಚಾರ್ಜರ್ ಒಯ್ದರೆ ಮೇಲ್ ಬರೆಯಬಹುದು, ರೆಂಡರ್ ಹಾಕಿದಾಗ ವೇಗ ಬೀಳುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಬ್ಯಾಟರಿಯಲ್ಲೇ ದಿನವಿಡೀ ದುಡಿಯುವ ಗೇಮಿಂಗ್ ಲ್ಯಾಪ್‌ಟಾಪ್ ಹುಡುಕಬೇಡಿ. ವಿಮಾನದಲ್ಲಿ ಸಲೀಸಾಗಿ ಒಯ್ಯಲು 100 ವಾಟ್-ಅವರ್ ಮಿತಿ ಇರುವುದರಿಂದ ಅತಿ ದೊಡ್ಡ ಲ್ಯಾಪ್‌ಟಾಪಿನ ಬ್ಯಾಟರಿ ಕೂಡ 99ರ ಆಸುಪಾಸಿನಲ್ಲಿ ನಿಲ್ಲುತ್ತದೆ, 200 ವಾಟ್ ಎಳೆಯುವ ಕೆಲಸಕ್ಕೆ ಅದು ಅರ್ಧ ಗಂಟೆಯ ಮಾತು. ಯಾವಾಗಲೂ ಪ್ಲಗ್‌ನಲ್ಲೇ ಇರುವುದಾದರೆ ಕಂಪನಿಯ ಸಾಫ್ಟ್‌ವೇರಿನಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದು ಕಂಡರೆ ಅದು ಬ್ಯಾಟರಿ ಊದಿಕೊಂಡದ್ದು. ಆ ಕ್ಷಣ ಆರಿಸಿ, ಒತ್ತಬೇಡಿ, ಚುಚ್ಚಬೇಡಿ, ನೇರ ರಿಪೇರಿಯವನ ಹತ್ತಿರ ಬನ್ನಿ.

ಕುಂದಾಪುರ, ಉಡುಪಿ ಕಡೆಯಿಂದ ಬರುವ ಬೋರ್ಡುಗಳಲ್ಲಿ ತಾಮ್ರ ಹಸಿರುಗಟ್ಟಿರುತ್ತದೆ, ಉಪ್ಪುಗಾಳಿ ಮಾಡುವ ಕೆಲಸ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಡುವುದಕ್ಕಿಂತ ದಿನಕ್ಕೊಮ್ಮೆ ಓಡಿಸಿ ಬೆಚ್ಚಗಿಡುವುದು ಎಷ್ಟೋ ವಾಸಿ.

8. ಮ್ಯಾಕ್ ಬೇಕೇ ಎಂದು ಕೇಳುವವರಿಗೆ

ಬರೀ ಎಡಿಟಿಂಗ್, ಗೇಮ್ ಬೇಡ ಎಂದರೆ ಧೈರ್ಯವಾಗಿ ತಗೊಳ್ಳಿ. 2020ರ ನವೆಂಬರಿನಲ್ಲಿ ಎಂ1 ಬಂದಮೇಲೆ ಅವು ಕಡಿಮೆ ಶಾಖದಲ್ಲಿ ಮಾಡುವ ಕೆಲಸ ಕಂಡು ನನಗೆ ಗೌರವ ಹುಟ್ಟಿದೆ. ಏರ್‌ನಲ್ಲಿ ಫ್ಯಾನೇ ಇಲ್ಲ, ಉದ್ದದ ರೆಂಡರ್ ಇದ್ದರೆ ಪ್ರೊ ನೋಡಿ. ರ‍್ಯಾಮ್ ಆಮೇಲೆ ಹಾಕಿಸಲಾಗದು, ಮೊದಲೇ ಕೈ ಬಿಚ್ಚಬೇಕು. ವ್ಯಾಲೊರಂಟ್ ಆಡುವವನು ಈ ಸಾಲು ಓದಿದ ಮೇಲೆ ಮುಂದಿನ ಪಾಠಕ್ಕೆ ಹೋಗಬಹುದು, ಆ ಆಟ ಮ್ಯಾಕ್‌ಗೆ ಇಲ್ಲ.

9. ಸೆಕೆಂಡ್ ಹ್ಯಾಂಡ್ ಪಾಪದ ಮಾತಲ್ಲ

ಎರಡು ವರ್ಷ ಹಳೆಯ, ದಪ್ಪ ಮೈಯ, ಒಳ್ಳೆಯ ಕೂಲಿಂಗ್ ಇರುವ ಲ್ಯಾಪ್‌ಟಾಪ್ ಅದೇ ದುಡ್ಡಿನ ಹೊಸ ತೆಳ್ಳಗಿನದಕ್ಕಿಂತ ಮೇಲು ಎಂದು ನಾನು ಎಷ್ಟೋ ಜನಕ್ಕೆ ಕೊಡಿಸಿದ್ದೇನೆ. ವಿಂಡೋಸಿನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಹೊಸದಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ಎಷ್ಟು ಎಂದು ಅದು ಹೇಳುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಸ್‌ಎಸ್‌ಡಿಯ ಆಯುಸ್ಸು ಹೇಳುತ್ತದೆ. ತಳದ ಸ್ಕ್ರೂಗಳ ತಲೆ ಸವೆದಿವೆಯೇ ನೋಡಿ. ಹೊಸದಾದರೂ ಹಳೆಯದಾದರೂ ಬಿಲ್ ಇಲ್ಲದೆ ತರಬೇಡಿ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊದವರು ಹೊಸದನ್ನು ತಮ್ಮ ನಂಬರಿನಲ್ಲೇ ಬಿಲ್ ಮಾಡಿಸಿ, 18 ಶೇಕಡಾ ತೆರಿಗೆಯ ಲೆಕ್ಕ ನಿಮ್ಮ ಕಡೆಗೆ ಬರುತ್ತದೆ.

10. ಆಯುಧಪೂಜೆಗೆ ಒಳಗೂ ತೊಳೆಯಿರಿ

ನವರಾತ್ರಿಯ ಒಂಬತ್ತನೇ ದಿನ ಲ್ಯಾಪ್‌ಟಾಪಿಗೂ ಕುಂಕುಮ, ಹೂವು ಇಡುತ್ತೇವೆ. ಅನ್ನ ಕೊಡುವ ಆಯುಧ, ಇಡಲೇಬೇಕು. ಕುಂಕುಮವನ್ನು ಮುಚ್ಚಳದ ಮೇಲೆ ನೀರಿನಲ್ಲಿ ಕಲಸಿ ಸಣ್ಣ ಬೊಟ್ಟಾಗಿ ಇಡಿ, ಪುಡಿ ಉದುರಿಸಬೇಡಿ. ಕೀಬೋರ್ಡಿನ ಸಂದಿಗೆ ಇಳಿದ ಕುಂಕುಮ ತೆಗೆಯಲು ನನಗೆ ಒಂದೊಂದು ಸಲ ಅರ್ಧ ದಿನ ಹಿಡಿದಿದೆ. ಲ್ಯಾಪ್‌ಟಾಪಿನ ಎದುರು ಊದುಬತ್ತಿಯನ್ನು ಸ್ವಲ್ಪ ದೂರ ಹಚ್ಚಿ, ಆ ಹೊಗೆಯನ್ನು ಫ್ಯಾನ್ ಒಳಕ್ಕೆ ಎಳೆದುಕೊಳ್ಳುತ್ತದೆ.

ಹಬ್ಬದ ಹಿಂದಿನ ವಾರ ಒಮ್ಮೆ ಬಿಚ್ಚಿಸಿ ಧೂಳು ತೆಗೆಸುವ ರೂಢಿ ಮಾಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಭದ್ರಾವತಿಯ ಎಡಿಟರ್ ಅವತ್ತಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಕಳೆದ ಸಲ ಬಂದಾಗ ಅವನ ಲ್ಯಾಪ್‌ಟಾಪಿಗೆ ಆರನೇ ವರ್ಷ. ಜೇಬಿನಿಂದ ಹೊಸ 16 ಜಿಬಿ ಸ್ಟಿಕ್ ತೆಗೆದು ಟೇಬಲ್ಲಿನ ಮೇಲಿಟ್ಟ. ಹನ್ನೊಂದು ಸ್ಕ್ರೂ ಬಿಚ್ಚಿ, ಫ್ಯಾನ್ ಎತ್ತಿ, ರೆಕ್ಕೆಗಳನ್ನು ಬೆಳಕಿಗೆ ಹಿಡಿದೆ. ತಾಮ್ರದ ಸಂದಿಗಳಿಂದ ಟ್ಯೂಬ್‌ಲೈಟಿನ ಬೆಳಕು ಈಚೆ ಬರುತ್ತಿತ್ತು. ಖಾಲಿ ಸ್ಲಾಟಿಗೆ ಸ್ಟಿಕ್ಕನ್ನು ಅವನ ಕೈಯಿಂದಲೇ ಕೂರಿಸಿದೆ.